ಟಿವಿ ನೋಡುತ್ತಾ ಮಾಡಿದ ವ್ಯಾಯಾಮ ಲೆಕ್ಕಕ್ಕೆ ಬರುತ್ತಾ?

ನವನಗರದ ಸೊಸೆ (ಬಾಗಲಕೋಟೆ)

ಎಲ್ಲರಿಗೂ ನಮಸ್ಕಾರ. ನನಗೆ 46 ವಯಸ್ಸು. ಮೊನ್ನೆ ರಕ್ತ ತಪಾಸಣೆ ಮಾಡಿಸಿದಾಗ ಮೂರು ತಿಂಗಳ ಶುಗರ್ ಸರಾಸರಿ 6.1 ಬಂತು. ಡಾಕ್ಟರು ಇನ್ನೂ ಗುಳಿಗೆ ಬೇಡ, ದಿನಾ ಅರ್ಧ ತಾಸು ಜೋರಾಗಿ ನಡೆಯಿರಿ ಅಂದರು. ಹೇಳಿ ಹೋಗೋಕೆ ಸುಲಭ ಅಲ್ವಾ. ಬೆಳಿಗ್ಗೆ ಎದ್ದರೆ ನೀರು ತುಂಬುವುದು, ರೊಟ್ಟಿ ಬಡಿಯುವುದು, ಮೂರು ಡಬ್ಬಿ ಕಟ್ಟುವುದು, ಇಷ್ಟು ಮುಗಿಯುವಷ್ಟರಲ್ಲಿ ಒಂಬತ್ತೂವರೆ, ಆಮೇಲೆ ಹೊರಗೆ ಕಾಲಿಟ್ಟರೆ ಈ ಏಪ್ರಿಲ್ ಬಿಸಿಲಿಗೆ ತಲೆ ಸುಡುತ್ತೆ. ಸಂಜೆ ಹೋಗೋಣ ಅಂದರೆ ಅಡುಗೆ.

ನನಗೆ ನಿಜವಾಗಿ ಸಿಗುವ ಹೊತ್ತು ಅಂದರೆ ಸಂಜೆ ಏಳರಿಂದ ಹತ್ತು. ಅತ್ತೆ ಧಾರಾವಾಹಿ ಹಾಕಿಕೊಂಡು ಕೂಡುತ್ತಾರೆ, ನಾನೂ ಕೆಲಸ ಮುಗಿಸಿ ಅವರ ಪಕ್ಕ ಕೂಡುತ್ತೇನೆ. (ಹೌದು, ಅತ್ತೆ ಸೊಸೆ ಜಗಳದ ಧಾರಾವಾಹಿಯನ್ನು ನಾವಿಬ್ಬರೂ ಕೂಡಿಯೇ ನೋಡುತ್ತೇವೆ, ನಗಬೇಡಿ.) ಆ ಹೊತ್ತಿನಲ್ಲೇ ನಿಂತಲ್ಲೇ ನಡೆದರೆ, ಕೈಕಾಲು ಆಡಿಸಿದರೆ ಅದು ವ್ಯಾಯಾಮ ಅಂತ ಲೆಕ್ಕಕ್ಕೆ ಬರುತ್ತಾ? ನಮ್ಮ ಯಜಮಾನರು ಅದೆಲ್ಲ ಸುಮ್ನೆ ಟೈಂಪಾಸ್ ಅಂತಾರೆ. ಬಲ ಮೊಣಕಾಲು ಮೆಟ್ಟಿಲು ಇಳಿಯುವಾಗ ಸ್ವಲ್ಪ ನೋಯುತ್ತೆ. ಟ್ರೆಡ್‌ಮಿಲ್ ಕೊಳ್ಳಬೇಕಾ, ಬೇಡವಾ, ಅದನ್ನೂ ಹೇಳಿ.

ಗುಮ್ಮಟದೂರ ಪಿ.ಟಿ. ಮಾಸ್ತರ (ವಿಜಯಪುರ)

ಬರುತ್ತೆ ಅಕ್ಕಾ, ಬೇಕಾದಷ್ಟು ಬರುತ್ತೆ. ನಿಮ್ಮ ಹೃದಯಕ್ಕೆ ಎದುರಿಗೆ ಟಿವಿ ಇದೆಯೋ ಗೋಳಗುಮ್ಮಟ ಇದೆಯೋ ಗೊತ್ತಾಗೋದಿಲ್ಲ. ಅದಕ್ಕೆ ಗೊತ್ತಾಗೋದು ಎಷ್ಟು ಜೋರಾಗಿ ಬಡಿದುಕೊಳ್ಳಬೇಕು ಅನ್ನೋದು ಅಷ್ಟೇ.

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಕೊಟ್ಟ ಸಲಹೆ ಪ್ರಕಾರ ದೊಡ್ಡವರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಮಟ್ಟದ ಚಟುವಟಿಕೆ ಬೇಕು. ಅದರ ಜೊತೆ ವಾರಕ್ಕೆ ಎರಡು ದಿನವಾದರೂ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ. ನಿಮಗೆ ಬೇಕಾದ ಮಾತು ಮುಂದಿದೆ. 2010ರ ಸಲಹೆಯಲ್ಲಿ ಒಂದೇ ಸಲಕ್ಕೆ ಕಡೇಪಕ್ಷ 10 ನಿಮಿಷ ಮಾಡಬೇಕು ಅಂತ ಇತ್ತು. 2020ರಲ್ಲಿ ಅದನ್ನು ತೆಗೆದುಹಾಕಿದರು. ಅಂದರೆ ಜಾಹೀರಾತು ಬಂದಾಗ ಎದ್ದು ಮೂರು ನಿಮಿಷ ನಡೆದರೂ ಅದು ಮೊತ್ತಕ್ಕೆ ಸೇರುತ್ತೆ.

ಈಗ ಲೆಕ್ಕ ಹಾಕಿ. ಕೇಬಲ್ ಟಿವಿ ನಿಯಮದಲ್ಲಿ ಗಂಟೆಗೆ 12 ನಿಮಿಷದ ಜಾಹೀರಾತಿಗೆ ಅವಕಾಶ ಇದೆ, 10 ನಿಮಿಷ ಹೊರಗಿನವರದ್ದು, 2 ನಿಮಿಷ ಚಾನೆಲ್‌ನವರ ಸ್ವಂತದ್ದು. ನೋಡುವವರಿಗೆ ಅದಕ್ಕಿಂತ ಜಾಸ್ತಿ ಅನ್ನಿಸುತ್ತೆ, ಅದು ಬೇರೆ ಮಾತು. ಏಳರಿಂದ ಹತ್ತು, ಮೂರು ಗಂಟೆ, 36 ನಿಮಿಷ ಆಯಿತು. ಡಾಕ್ಟರು ಕೇಳಿದ ಅರ್ಧ ತಾಸು ಜಾಹೀರಾತಿನಲ್ಲೇ ಸಿಕ್ಕಿತು, ಧಾರಾವಾಹಿಯ ಒಂದು ಮಾತೂ ತಪ್ಪಲಿಲ್ಲ.

ಆದರೆ ಒಂದು ಷರತ್ತು. ಕಾಲು ಎಳೆದುಕೊಂಡು ಪಡಸಾಲೆಯಲ್ಲಿ ಆ ಕಡೆ ಈ ಕಡೆ ತಿರುಗಾಡಿದರೆ ಅದು ಮಧ್ಯಮ ಮಟ್ಟ ಅಲ್ಲ. ಅಳತೆ ಸುಲಭ. ನಡೆಯುವಾಗ ಪಕ್ಕದವರ ಜೊತೆ ಮಾತಾಡೋಕೆ ಆಗಬೇಕು, ಹಾಡೋಕೆ ಆಗಬಾರದು. ಶೀರ್ಷಿಕೆ ಗೀತೆ ಬಂದಾಗ ಜೊತೆಗೆ ಆರಾಮಾಗಿ ಹಾಡುತ್ತಿದ್ದೀರಿ ಅಂದರೆ ಮೊಣಕಾಲು ಇನ್ನೂ ಮೇಲೆ ಎತ್ತಿ, ಕೈ ಇನ್ನೂ ಜೋರಾಗಿ ಬೀಸಿ.

ಗರಡಿ ಹುಡುಗ (ಮುಧೋಳ)

ನನಗೇನೋ ಇದು ಒಪ್ಪಿಗೆ ಇಲ್ಲ ಮಾಸ್ತರ. ಒಂದು ಕಣ್ಣು ಟಿವಿ ಮೇಲೆ, ಒಂದು ಕಣ್ಣು ಮೈ ಮೇಲೆ ಇಟ್ಟರೆ ಎರಡೂ ಕೆಡುತ್ತೆ. ನಮ್ಮ ಗರಡಿ ಮನೆಯಲ್ಲಿ ದಂಡ, ಬೈಠಕ್ ಹೊಡೆಯುವಾಗ ಯಾರಾದರೂ ಮೊಬೈಲ್ ನೋಡಿದರೆ ವಸ್ತಾದರು ಹೊರಗೆ ಹಾಕುತ್ತಾರೆ. ನವನಗರದ ರಸ್ತೆ ಅಷ್ಟು ಅಗಲ ಇವೆ, ಸೆಕ್ಟರ್ ಸೆಕ್ಟರ್ ನಡುವೆ ಖಾಲಿ ಜಾಗ ಇದೆ. ಅರ್ಧ ತಾಸು ಟಿವಿ ಬಂದ್ ಮಾಡಿ ಹೊರಗೆ ಹೋಗಿ ಬನ್ನಿ ಅಕ್ಕ. ಮನಸ್ಸು ಮಾಡಬೇಕು ಅಷ್ಟೇ.

ನವನಗರದ ಸೊಸೆ

ತಮ್ಮಾ, ಮನಸ್ಸು ಇದೆ. ರಾತ್ರಿ ಎಂಟು ಗಂಟೆಗೆ ನಮ್ಮ ಸೆಕ್ಟರ್‌ನ ಒಳರಸ್ತೆಗೆ ಬಂದು ನೋಡು, ಬೀದಿದೀಪ ಒಂದು ಉರಿದರೆ ಎರಡು ಉರಿಯೋದಿಲ್ಲ, ನಾಯಿಗಳಂತೂ ರಸ್ತೆ ತಮ್ಮದೇ ಅನ್ನೋ ಹಾಗೆ ಮಲಗಿರುತ್ತವೆ. ನೀನು ಪೈಲ್ವಾನ, ನಿನ್ನನ್ನು ನೋಡಿ ಅವೇ ಓಡಬಹುದು. ನನ್ನನ್ನು ನೋಡಿದರೆ ಬೆನ್ನು ಹತ್ತುತ್ತವೆ.

ಮಾಸ್ತರೇ, ನಿಮ್ಮ 36 ನಿಮಿಷದ ಲೆಕ್ಕ ಯಜಮಾನರಿಗೆ ತೋರಿಸಿದೆ. ಏನೂ ಮಾತಾಡಲಿಲ್ಲ.

ಟಿಳಕವಾಡಿ ಮಳೆರಾಯ (ಬೆಳಗಾವಿ)

ವೈನಿ, ಟ್ರೆಡ್‌ಮಿಲ್ ವಿಷಯ ನಾನು ಹೇಳುತ್ತೇನೆ, ಮನೆಯಲ್ಲಿ ಇದೆ. ನಮ್ಮಲ್ಲಿ ನಿಮ್ಮ ಉಲ್ಟಾ, ಬಿಸಿಲಲ್ಲ ಮಳೆ. ಜೂನ್‌ನಲ್ಲಿ ಹಿಡಿದರೆ ಸೆಪ್ಟೆಂಬರ್ ತನಕ ವ್ಯಾಕ್ಸಿನ್ ಡಿಪೋ ಮೈದಾನದ ಕಡೆ ಬೆಳಗಿನ ವಾಕಿಂಗ್ ಅಂದರೆ ಛತ್ರಿ, ಕೆಸರು, ಒದ್ದೆ ಬೂಟು. ಅದಕ್ಕೇ ತಂದೆವು. ಉಪಯೋಗ ಆಗಿದೆ, ಇಲ್ಲ ಅನ್ನೋದಿಲ್ಲ. ಆದರೆ ಅಂಗಡಿಯವರು ಹೇಳದ ಮಾತು ಕೆಲವು ಇವೆ.

ಮೊದಲನೆಯದು ಕರೆಂಟ್. ಮೋಟಾರ್ 2 ಎಚ್‌ಪಿ ಅಂದರೆ ಹತ್ತಿರ ಹತ್ತಿರ 1500 ವ್ಯಾಟ್. ಮನೆಯ ಸಾಮಾನ್ಯ ಇನ್ವರ್ಟರ್ ಅದನ್ನು ಎಳೆಯೋದಿಲ್ಲ, ಲೈಟು ಹೋದರೆ ಬೆಲ್ಟು ಅಲ್ಲೇ ನಿಲ್ಲುತ್ತೆ, ನೀವು ಮುಂದಕ್ಕೆ ಹೋಗುತ್ತೀರಿ. ಅದಕ್ಕೆ ಬದಿಯ ಹಿಡಿಕೆ ಕೈಗೆ ಸಿಗುವ ಹಾಗೆ ಇರಲಿ. ಒಂದು ಕೆಂಪು ಕೀಲಿ ದಾರದ ಸಮೇತ ಕೊಟ್ಟಿರುತ್ತಾರೆ, ಅದನ್ನು ಬಟ್ಟೆಗೆ ಸಿಕ್ಕಿಸಿಕೊಳ್ಳಲೇಬೇಕು. ನೀವು ಜಾರಿ ಹಿಂದೆ ಸರಿದರೆ ಕೀಲಿ ಕಿತ್ತು ಬಂದು ಮಶೀನ್ ನಿಲ್ಲುತ್ತೆ. ಸೀರೆ ಉಟ್ಟು ಹತ್ತಲೇಬೇಡಿ. ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಕೆಲಸ ಮುಗಿದ ಕೂಡಲೇ ಕೀಲಿ ತೆಗೆದು ಎತ್ತರದಲ್ಲಿ ಇಡಿ, ಓಡುವ ಬೆಲ್ಟಿಗೆ ಬೆರಳು ಕೊಟ್ಟರೆ ಚರ್ಮ ಸುಲಿದು ಹೋಗುತ್ತೆ.

ಎರಡನೆಯದು ಟಿವಿ ಎಲ್ಲಿದೆ ಅನ್ನೋದು. ಟ್ರೆಡ್‌ಮಿಲ್‌ಗೆ ನೇರ ಎದುರಿಗೆ ಇದ್ದರೆ ಸರಿ. ಬದಿಗಿದ್ದರೆ ಕುತ್ತಿಗೆ ತಿರುಗಿಸಿ ನೋಡುತ್ತೀರಿ, ಕುತ್ತಿಗೆ ತಿರುಗಿದ ಕಡೆಗೇ ಹೆಜ್ಜೆಯೂ ಸರಿಯುತ್ತೆ. ಆಮೇಲೆ ಸದ್ದು. ಮೋಟಾರ್ ಸದ್ದಿಗೆ ಟಿವಿ ವಾಲ್ಯೂಮ್ ಏರಿಸಬೇಕು, ಮೋಟಾರ್, ಹೆಜ್ಜೆ, ಧಾರಾವಾಹಿಯ ಅಳು ಮೂರೂ ಸೇರಿ ಕೆಳಗಿನ ಮನೆಯವರು ನಮ್ಮ ಜೊತೆ ಒಂದು ಮಳೆಗಾಲ ಪೂರ್ತಿ ಮಾತು ಬಿಟ್ಟಿದ್ದರು.

ನಿಮ್ಮ ಮೊಣಕಾಲು ನೋಯುತ್ತೆ ಅಂದಿರಿ. ದುಡ್ಡು ಖರ್ಚು ಮಾಡಲೇಬೇಕು ಅಂತಿದ್ದರೆ ಮನೆಯಲ್ಲಿ ತುಳಿಯುವ ಸೈಕಲ್ ಒಳ್ಳೆಯದು, ಅದೂ ಬಳಸಿದ್ದು ಸಿಕ್ಕರೆ ಇನ್ನೂ ಒಳ್ಳೆಯದು. ಹುಡುಕಿದರೆ ಅರ್ಧ ಬೆಲೆಗೆ ಹೊಸದರಂತೆಯೇ ಇರುವುದು ಸಿಗುತ್ತೆ, ಜನ ಉತ್ಸಾಹದಲ್ಲಿ ಕೊಂಡು ಬೇಗ ಬೇಸರ ಮಾಡಿಕೊಳ್ಳುತ್ತಾರೆ.

ಗುಮ್ಮಟದೂರ ಪಿ.ಟಿ. ಮಾಸ್ತರ

ಸೈಕಲ್ ಅಂದರೆ ನಮ್ಮ ವಿಜಯಪುರದವರು ಬಾಯಿ ಹಾಕದೆ ಇರೋಕೆ ಆಗುತ್ತಾ. ನಿಮ್ಮ ಜಿಲ್ಲೆ, ನಮ್ಮ ಜಿಲ್ಲೆ ಎರಡೂ ಸೈಕ್ಲಿಸ್ಟ್‌ಗಳ ಊರು. ಸೀಟಿನ ಎತ್ತರ ನೋಡಿಕೊಳ್ಳಿ ಅಕ್ಕ. ಪೆಡಲ್ ಪೂರ್ತಿ ಕೆಳಗೆ ಹೋದಾಗ ಮೊಣಕಾಲು ಹತ್ತಿರ ಹತ್ತಿರ ನೇರ ಆಗಬೇಕು, ಸ್ವಲ್ಪವೇ ಸ್ವಲ್ಪ ಬಾಗಿರಬೇಕು. ಜನ ಕಾಲು ನೆಲಕ್ಕೆ ಸಿಗಲಿ ಅಂತ ಸೀಟು ಕೆಳಗೆ ಇಳಿಸಿ ತುಳಿಯುತ್ತಾರೆ, ಆಗ ಮೊಣಕಾಲಿನ ಮುಂಭಾಗಕ್ಕೆ ಭಾರ ಬಿದ್ದು ನೋವು ಜಾಸ್ತಿ ಆಗುತ್ತೆ. ನಮ್ಮ ಹುಡುಗರು ಸೈಕಲ್ಲನ್ನು ರೋಲರ್ ಮೇಲೆ ಇಟ್ಟು ಅಭ್ಯಾಸ ಮಾಡುತ್ತಾರಲ್ಲ, ಅದರ ಮೇಲೆ ಮಾತ್ರ ಹೊಸಬರು ಟಿವಿ ನೋಡುವ ಆಸೆ ಇಟ್ಟುಕೊಳ್ಳಬಾರದು, ಕಣ್ಣು ಆಚೀಚೆ ಆದರೆ ಸೈಕಲ್ಲು ಸೀದಾ ನೆಲಕ್ಕೆ.

ಗರಡಿ ಹುಡುಗನ ಮಾತಿನಲ್ಲಿ ಅರ್ಧ ನಿಜ ಇದೆ, ಅದನ್ನು ತಳ್ಳಿಹಾಕೋಕೆ ಆಗೋದಿಲ್ಲ. ಭಾರ ಎತ್ತುವುದು, ಆಳವಾದ ಬೈಠಕ್, ಬ್ಯಾಲೆನ್ಸ್ ಬೇಕಾದ ಆಸನ, ಇವಕ್ಕೆ ಟಿವಿ ಬೇಡ. ಸಂಗ್ರಾಣಿ ಕಲ್ಲು ಎತ್ತುವವನು ಆಚೆ ನೋಡುತ್ತಾ ಎತ್ತುತ್ತಾನಾ? ಆದರೆ ನಿಂತಲ್ಲೇ ನಡಿಗೆ, ಸೈಕಲ್, ಹಿಮ್ಮಡಿ ಎತ್ತಿ ಇಳಿಸುವುದು, ಇಂಥ ಒಂದೇ ರೀತಿ ಸಾಗುವ ಕೆಲಸಕ್ಕೆ ಟಿವಿ ಒಳ್ಳೆಯ ಜೊತೆ. ಬೇಸರ ಬರೋದಿಲ್ಲ, ಬೇಸರ ಬಂದೇ ತಾನೇ ಎಲ್ಲರೂ ಬಿಡೋದು. ಕಣ್ಣಿಗೆ ಕೆಲಸ ಇಲ್ಲದ ವ್ಯಾಯಾಮ ಟಿವಿಗೆ ಕೊಡಿ, ಉಳಿದದ್ದು ಟಿವಿ ಬಂದ್ ಮಾಡಿ ಹತ್ತು ನಿಮಿಷದಲ್ಲಿ ಮುಗಿಸಿ.

ಆಟ ನೋಡುವ ಮನೆಯವರಿಗೆ ಇನ್ನೊಂದು ಮಾತು. ಪ್ರೊ ಕಬಡ್ಡಿ ಇದ್ದಾಗ ನಮ್ಮ ಹಾಸ್ಟೆಲ್ ಹುಡುಗರಿಗೆ ಮಾಡಿಸುವ ಆಟ ಇದು. ಒಂದು ರೈಡ್ 30 ಸೆಕೆಂಡ್. ನಿಮ್ಮ ತಂಡದವನು ರೈಡ್‌ಗೆ ಹೋದ ಕೂಡಲೇ ಬೆನ್ನು ಗೋಡೆಗೆ ಒತ್ತಿ ಕುರ್ಚಿ ಇಲ್ಲದ ಕುರ್ಚಿಯ ಮೇಲೆ ಕೂಡಬೇಕು, ಅವನು ಮರಳಿ ಬಂದಾಗ ಏಳಬೇಕು. ಎದುರಿನವನು ಬಂದಾಗ ನಿಮಗೆ ವಿಶ್ರಾಂತಿ. 20 ನಿಮಿಷದ ಒಂದು ಅರ್ಧ ಮುಗಿಯುವಷ್ಟರಲ್ಲಿ ತೊಡೆ ನಡುಗುತ್ತೆ. ಐಪಿಎಲ್‌ನಲ್ಲಾದರೆ ಓವರ್ ಮುಗಿದಾಗ ಹತ್ತು ಸಲ ಎದ್ದು ಕೂಡುವುದು, ಟೈಂಔಟ್ ಎರಡೂವರೆ ನಿಮಿಷ ಪೂರ್ತಿ ನಿಂತಲ್ಲೇ ನಡಿಗೆ. ಯಜಮಾನರನ್ನೂ ಎಬ್ಬಿಸಿ, ಟೈಂಪಾಸ್ ಹೌದೋ ಅಲ್ಲವೋ ಅವರಿಗೇ ಗೊತ್ತಾಗುತ್ತೆ.

ಮೊಣಕಾಲು ಡಾಕ್ಟರಮ್ಮ ಅಲ್ಲ, ಫಿಜಿಯೋ (ವಿಜಯಪುರ)

ಮಾಸ್ತರೇ ಸ್ವಲ್ಪ ನಿಲ್ಲಿ. ಗೋಡೆಗೆ ಒರಗಿ ಕೂಡುವುದನ್ನು ಮೊಣಕಾಲು ನೋವಿದ್ದವರಿಗೆ, ಬಿಪಿ ಇದ್ದವರಿಗೆ ನೋಡದೆ ಹೇಳಬೇಡಿ. ಹಾಗೆ ಬಿಗಿ ಹಿಡಿದು ಕೂತಾಗ ಬಿಪಿ ಏರುತ್ತೆ, ಜನ ಉಸಿರೂ ಹಿಡಿಯುತ್ತಾರೆ, ಇನ್ನೂ ಏರುತ್ತೆ. ಹಾಸ್ಟೆಲ್ ಹುಡುಗರ ಮೊಣಕಾಲು ಬೇರೆ, 46ರ ಮೊಣಕಾಲು ಬೇರೆ.

ಅಕ್ಕ, ಮೆಟ್ಟಿಲು ಇಳಿಯುವಾಗ ಮಾತ್ರ ನೋಯುತ್ತೆ ಅಂದರೆ ತೊಡೆಯ ಮುಂದಿನ ಸ್ನಾಯು ಸೋತಿರಬಹುದು, ಅದಕ್ಕೆ ಬಲ ಬಂದರೆ ಸಾಕಷ್ಟು ಜನರಿಗೆ ನೋವು ಇಳಿಯುತ್ತೆ. ಬಾವು ಇದ್ದರೆ, ಕಾಲು ಸಿಕ್ಕಿಕೊಂಡ ಹಾಗೆ ಆದರೆ, ರಾತ್ರಿ ಮಲಗಿದಾಗಲೂ ನೋಯುತ್ತಿದ್ದರೆ ಒಮ್ಮೆ ತೋರಿಸಿಯೇ ಶುರು ಮಾಡಿ.

ಟಿವಿ ಮುಂದೆ ಮಾಡೋಕೆ ಹೇಳಿ ಮಾಡಿಸಿದ್ದು ಕುರ್ಚಿಯಿಂದ ಎದ್ದು ಕೂಡುವುದು. ಕುರ್ಚಿಯ ಮುಂಭಾಗಕ್ಕೆ ಸರಿದು ಕೂತು, ಪಾದಗಳನ್ನು ಮೊಣಕಾಲಿಗಿಂತ ಸ್ವಲ್ಪ ಹಿಂದಕ್ಕೆ ತಂದು, ಕೈ ಎದೆಗೆ ಕಟ್ಟಿ, ಮುಂದೆ ಬಾಗಿ ಏಳಬೇಕು. ಏಳುವುದು ಸುಲಭ, ಇಳಿಯುವಾಗ ಧಪ್ ಅಂತ ಬೀಳಬಾರದು, ಒಂದು ಎರಡು ಮೂರು ಎಣಿಸುತ್ತಾ ನಿಧಾನಕ್ಕೆ ಕೂಡಬೇಕು. ಕೆಲಸ ಆಗೋದು ಆ ಇಳಿತದಲ್ಲೇ. ಹತ್ತು ಸಲ ಆಗದಿದ್ದರೆ ಐದು ಸಾಕು, ಅಥವಾ ಕುರ್ಚಿ ಮೇಲೆ ದಪ್ಪ ದಿಂಬು ಹಾಕಿ ಎತ್ತರ ಮಾಡಿಕೊಳ್ಳಿ. ಆಮೇಲೆ ಜಮಖಾನೆ ಹಾಸಿ ಅಂಗಾತ ಮಲಗಿ ಒಂದು ಕಾಲು ಮಡಚಿ ಇನ್ನೊಂದನ್ನು ನೇರವಾಗಿಟ್ಟು ಒಂದು ಮೊಳ ಎತ್ತಿ ಐದು ಎಣಿಸಿ ಇಳಿಸಿ, ಉಸಿರು ಬಿಡುತ್ತಾ.

ಆದರೆ ಮಲಗಿದಾಗ ಟಿವಿ ನೋಡಬೇಡಿ! ನಮ್ಮ ಕಡೆ ಮನೆಗಳಲ್ಲಿ ಟಿವಿಯನ್ನು ದೇವರ ಫೋಟೋ ಎತ್ತರಕ್ಕೆ ಗೋಡೆಗೆ ಹೊಡೆದಿರುತ್ತಾರೆ, ನೆಲದಿಂದ ಕತ್ತು ಎತ್ತಿ ನೋಡಿದರೆ ಮೊಣಕಾಲು ಬಿಟ್ಟು ಕುತ್ತಿಗೆಗೆ ನನ್ನ ಹತ್ತಿರ ಬರುತ್ತೀರಿ. ಧಾರಾವಾಹಿಗೆ ಕಿವಿ ಸಾಕಲ್ವಾ. ಬಾಗಿಲ ಹಿಂದೆ ನಿಂತು ಯಾರು ಕೇಳಿಸಿಕೊಳ್ಳುತ್ತಿದ್ದಾರೆ ಅನ್ನೋದು ಸಂಗೀತದಲ್ಲೇ ಗೊತ್ತಾಗುತ್ತೆ.

ನಿಂತಲ್ಲೇ ನಡೆಯುವಾಗ ಬರಿಗಾಲಲ್ಲಿ ಟೈಲ್ಸ್ ಮೇಲೆ, ಶಹಾಬಾದಿ ಕಲ್ಲಿನ ಮೇಲೆ ಬೇಡ. ಹಿಮ್ಮಡಿ ನೋವು ಹಿಡಿದರೆ ಬೇಗ ಬಿಡೋದಿಲ್ಲ. ಬೂಟು ಇಲ್ಲದಿದ್ದರೆ ಹಿಂದೆ ಪಟ್ಟಿ ಇರುವ ಮೆತ್ತಗಿನ ಚಪ್ಪಲಿ ಮನೆಗೆಂದೇ ಬೇರೆ ಇಟ್ಟುಕೊಳ್ಳಿ.

ಶುಗರ್ ಬಗ್ಗೆ. ಮೂರು ತಿಂಗಳ ಸರಾಸರಿ 5.7ರಿಂದ 6.4 ಇದ್ದರೆ ಅದು ಗಡಿ, 6.5ಕ್ಕೆ ಸಕ್ಕರೆ ಕಾಯಿಲೆ ಅಂತಾರೆ. ಊಟ ಆದ ಮೇಲೆ ರಕ್ತದಲ್ಲಿ ಸಕ್ಕರೆ ಏರುತ್ತಲ್ಲ, ಆ ಹೊತ್ತಿಗೆ ಕಾಲಿನ ಸ್ನಾಯು ಕೆಲಸ ಮಾಡಿದರೆ ಅದು ಸಕ್ಕರೆಯನ್ನು ಎಳೆದುಕೊಳ್ಳುತ್ತೆ. ಮೂರು ತಾಸು ಒಂದೇ ಸಮ ಕೂಡುವುದಕ್ಕಿಂತ ಅರ್ಧ ತಾಸಿಗೊಮ್ಮೆ ಎದ್ದು ಎರಡು ಮೂರು ನಿಮಿಷ ನಡೆದರೆ ಊಟದ ನಂತರದ ಏರಿಕೆ ಕಡಿಮೆ ಆಗುತ್ತೆ. ಹಾಗಾಗಿ ಸಾಧ್ಯವಾದರೆ ಊಟ ಎಂಟಕ್ಕೆ ಮುಗಿಸಿ, ಎಂಟರಿಂದ ಹತ್ತರ ಜಾಹೀರಾತನ್ನು ಬಿಡಲೇಬೇಡಿ. (ಇನ್ಸುಲಿನ್ ಅಥವಾ ಶುಗರ್ ಇಳಿಸುವ ಗುಳಿಗೆ ತೆಗೆದುಕೊಳ್ಳುವವರು ಇದನ್ನು ಓದುತ್ತಿದ್ದರೆ, ಡಾಕ್ಟರನ್ನು ಕೇಳಿ ಶುರು ಮಾಡಿ, ಶುಗರ್ ಜಾಸ್ತಿ ಇಳಿಯಬಹುದು.)

ಟಿಳಕವಾಡಿ ಮಳೆರಾಯ

ಫಿಜಿಯೋ ಅಕ್ಕಾರು ಮುಖ್ಯ ವಿಷಯ ಬಿಟ್ಟರು. ಟಿವಿ ಮುಂದಿನ ತಾಟು! 65 ಕಿಲೋ ಇರುವವರು ಅರ್ಧ ತಾಸು ಜೋರಾಗಿ ನಡೆದರೆ ಖರ್ಚಾಗೋದು 110, 120 ಕ್ಯಾಲರಿ. ಒಂದು ದೊಡ್ಡ ಹಿಡಿ ಶೇವು ಬಾಯಿಗೆ ಹೋದರೆ ಅದೆಲ್ಲ ವಾಪಸ್. ನಮ್ಮ ಮನೆಯಲ್ಲಿ ಕುಂದಾ ಡಬ್ಬಿ ಟಿವಿ ಕೋಣೆಯಿಂದ ಗಡಿಪಾರಾಗಿದೆ.

ಗರಡಿ ಹುಡುಗ

ಅಕ್ಕ, ನಾಯಿ ವಿಷಯ ಒಪ್ಪಿದೆ. ನಮ್ಮ ಅವ್ವನೂ ಹಾಗೇ ಹೇಳುತ್ತಾಳೆ. ಬಲಕ್ಕೆ ಮಶೀನ್ ಗಿಶೀನ್ ಬೇಡ, ಒಂದು ಲೀಟರ್ ನೀರಿನ ಬಾಟಲಿ ಅಂದರೆ ಒಂದು ಕಿಲೋ, ಎರಡು ಕೈಗೆ ಎರಡು. ದಂಡ ಹೊಡೆಯೋಕೆ ಆಗದವರು ಗೋಡೆಗೆ ಎರಡೂ ಅಂಗೈ ಒತ್ತಿ ಎದೆ ಗೋಡೆ ಕಡೆ ತಂದು ಹಿಂದಕ್ಕೆ ತಳ್ಳಲಿ. ಆದರೂ ವಾರಕ್ಕೆ ಒಂದು ದಿನವಾದರೂ ಟಿವಿ ಇಲ್ಲದೆ ಮಾಡಿ ನೋಡಿ, ವ್ಯತ್ಯಾಸ ಗೊತ್ತಾಗುತ್ತೆ. ನನ್ನ ಮಾತು ನಾನು ಬಿಡೋದಿಲ್ಲ.

ನವನಗರದ ಸೊಸೆ

ಎಲ್ಲರಿಗೂ ಧನ್ಯವಾದ. ಟ್ರೆಡ್‌ಮಿಲ್ ಆಸೆ ಬಿಟ್ಟೆ, ಆ ದುಡ್ಡಿಗೆ ಒಳ್ಳೆಯ ಬೂಟು ಬಂದು ಇನ್ನೂ ಉಳಿಯುತ್ತೆ. ಈಗ ಹೊಸ ಪ್ರಶ್ನೆ. ನಾನು ಎದ್ದು ಕೂಡುವುದನ್ನು ನೋಡಿ ಅತ್ತೆಯೂ ನಾನೂ ಮಾಡುತ್ತೇನೆ ಅಂತ ಕೂತಿದ್ದಾರೆ. ಅವರಿಗೆ 72. ಬಿಪಿ ಗುಳಿಗೆ ಇದೆ, ಬೇರೆ ಏನಿಲ್ಲ, ನಡೆಯುವಾಗ ಸ್ವಲ್ಪ ಓಲಾಡುತ್ತಾರೆ. ಮಾಡಿಸಬಹುದಾ? ನಮ್ಮಲ್ಲಿ ಇರೋದು ಪ್ಲಾಸ್ಟಿಕ್ ಕುರ್ಚಿ.

ಮೊಣಕಾಲು ಡಾಕ್ಟರಮ್ಮ ಅಲ್ಲ, ಫಿಜಿಯೋ

ಮಾಡಿಸಲೇಬೇಕು. 65 ದಾಟಿದವರಿಗೆ ವಾರಕ್ಕೆ ಮೂರು ದಿನವಾದರೂ ತೋಲ (ಬ್ಯಾಲೆನ್ಸ್) ಹಿಡಿಯುವ ವ್ಯಾಯಾಮ, ಬಲದ ವ್ಯಾಯಾಮ ಬೇಕು ಅಂತ ಆ 2020ರ ಸಲಹೆಯಲ್ಲೇ ಇದೆ, ಬಿದ್ದು ಎಲುಬು ಮುರಿಯುವುದು ತಪ್ಪಲಿ ಅಂತ. ಓಲಾಟ ಹೊಸದಾಗಿ ಶುರುವಾಗಿದ್ದರೆ, ಎದ್ದ ಕೂಡಲೇ ತಲೆ ತಿರುಗುತ್ತಿದ್ದರೆ ಮೊದಲು ಡಾಕ್ಟರ ಹತ್ತಿರ ಬಿಪಿ ಕೂತು ಒಮ್ಮೆ, ನಿಂತು ಒಮ್ಮೆ ನೋಡಿಸಿ. ಕೆಲವರಿಗೆ ಬಿಪಿ ಗುಳಿಗೆಯಿಂದಲೂ ಹಾಗಾಗುತ್ತೆ.

ಪ್ಲಾಸ್ಟಿಕ್ ಕುರ್ಚಿ ಬೇಡ, ಟೈಲ್ಸ್ ಮೇಲೆ ಅದು ಹಿಂದಕ್ಕೆ ಜಾರುತ್ತೆ, ಕಾಲು ಅಗಲವಾಗಿ ಸೀಳಿಯೂ ಹೋಗುತ್ತೆ. ಕಟ್ಟಿಗೆ ಕುರ್ಚಿ, ಕೈ ಇರುವಂಥದ್ದು, ಬೆನ್ನು ಗೋಡೆಗೆ ತಾಗಿಸಿ ಇಡಿ. ಅತ್ತೆಯವರು ಕೈ ಕಟ್ಟೋದು ಬೇಡ, ಕುರ್ಚಿಯ ಕೈ ಹಿಡಿದೇ ಏಳಲಿ. ಎದ್ದ ಮೇಲೆ ಎರಡು ಉಸಿರು ನಿಂತು ಆಮೇಲೆ ಕೂಡಲಿ. ಕಾಲುಚೀಲ ಬೇಡ, ಸೀರೆ ನಿರಿಗೆ ಪಾದಕ್ಕಿಂತ ಮೇಲಿರಲಿ. ತೋಲಕ್ಕೆ ಅಡುಗೆಮನೆ ಕಟ್ಟೆ ಎರಡೂ ಕೈಯಲ್ಲಿ ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು, ಆಮೇಲೆ ಒಂದು ಕಾಲ ಮೇಲೆ ಹತ್ತು ಎಣಿಸುವುದು. ಇದನ್ನು ಟಿವಿ ಕಾಣದ ಕಡೆಯೇ ಮಾಡಿಸಿ, ಇದರಲ್ಲಿ ಗರಡಿ ಹುಡುಗ ಹೇಳಿದ್ದೇ ಸರಿ. ಶುರುವಿನಲ್ಲಿ ನೀವು ಅವರ ಪಕ್ಕದಲ್ಲೇ ನಿಂತಿರಿ, ಜಾಹೀರಾತು ಮುಗಿಯಿತು ಅಂತ ಗಡಿಬಿಡಿಯಲ್ಲಿ ತಿರುಗುವಾಗಲೇ ಜನ ಬೀಳೋದು.